ನೆಲದ ಮೇಲಿನ ಪ್ಯಾಡ್

ಮಗಳು ಬಾಗಿಲು ತಳ್ಳಿದಾಗ ಅವಳ ಗಂಡ ಮಂಡಿಯೂರಿ ಕೂತಿದ್ದ. ಅವನ ಎರಡೂ ಅಂಗೈ ಕೆಂಪಾಗಿದ್ದವು. ಎದುರಿಗೆ ಅವಳ ಅಪ್ಪ ಅಂಗಾತ ಬಿದ್ದಿದ್ದರು.

"ನಾನಲ್ಲ ಕಣೇ," ಎಂದ ಗಂಡ.

ಅವಳಿನ್ನೂ ಏನನ್ನೂ ಕೇಳಿರಲಿಲ್ಲ.

ಆಗ ಸಂಜೆ ನಾಲ್ಕು ಮುಕ್ಕಾಲು. ಅರ್ಧ ಗಂಟೆಯಲ್ಲಿ ಪೊಲೀಸರು ಬಂದರು. ಮುಂದೆ ಇನ್ಸ್‌ಪೆಕ್ಟರ್, ಹಿಂದೆ ಏದುಸಿರು ಬಿಡುತ್ತ ದಫೇದಾರ. ಇನ್ಸ್‌ಪೆಕ್ಟರ್‌ಗೆ ಠಾಣೆಯಲ್ಲಿ 'ಕಿವಿ ಮೇಡಂ' ಎಂದು ಅಡ್ಡಹೆಸರು. ಯಾರು ಹೇಳಿಕೆ ಕೊಟ್ಟರೂ ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಆಕೆ ಚಿಕ್ಕವಳಿದ್ದಾಗ ಆಕೆಯ ತಂದೆ ದಿನವೂ ಸಂಜೆ ಪದ್ಯ ಓದುತ್ತಿದ್ದರು. ಓದಿನಲ್ಲಿ ಉಸಿರು ಎಲ್ಲಿ ತಪ್ಪಿತೆಂದು ಹೇಳುವುದು ಆಕೆಯ ಕೆಲಸವಾಗಿತ್ತು. ಆ ಅಭ್ಯಾಸ ಹೋಗಿರಲಿಲ್ಲ.

ಸತ್ತವರು ಡ್ರಮ್ ಕಲಿಸುವ ಮಾಸ್ತರು. ವಯಸ್ಸು ಅರವತ್ತೆರಡು. ಹನ್ನೊಂದು ತಿಂಗಳ ಹಿಂದೆ ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಕಾಲು ಸುಧಾರಿಸಿತ್ತು, ಕೈ ಸುಧಾರಿಸಿರಲಿಲ್ಲ.

ಕೋಣೆ ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ನಡುವೆ ಕಬ್ಬಿಣದ ಚೌಕಟ್ಟಿಗೆ ಆರು ಕಪ್ಪು ರಬ್ಬರ್ ಪ್ಯಾಡುಗಳು. ಪ್ರತಿಯೊಂದರಿಂದಲೂ ಒಂದು ವೈರು ಹೊರಟು ದಪ್ಪ ಪುಸ್ತಕದಷ್ಟಿದ್ದ ಪೆಟ್ಟಿಗೆಗೆ ಸೇರಿತ್ತು. ಅಲ್ಲಿಂದ ಇನ್ನೊಂದು ವೈರು ಕಂಪ್ಯೂಟರಿಗೆ.

"ಎಲೆಕ್ಟ್ರಾನಿಕ್ ಡ್ರಮ್ಮು ಮೇಡಂ," ಎಂದ ದಫೇದಾರ. "ಬಡಿಯೋದು ರಬ್ಬರು, ಸದ್ದು ಬರೋದು ಹೆಡ್‌ಫೋನಲ್ಲಿ. ನಮ್ಮ ಮನೆಯವಳ ಬಾಯಿಗೂ ಇಂಥದ್ದೊಂದು ಸಿಕ್ಕಿದ್ರೆ ಪಕ್ಕದ ಮನೆಯವರು ನೆಮ್ಮದಿಯಾಗಿರ್ತಿದ್ರು."

ಇನ್ಸ್‌ಪೆಕ್ಟರ್ ನಗಲಿಲ್ಲ. ದೇಹದ ಪಕ್ಕ ಕೂತಳು. ಬಾರಿಸುವವನು ಕೂರುವ ಸ್ಟೂಲಿನ ಹಿಂದೆ ಕಬ್ಬಿಣದ ಕಪಾಟು. ಅದರ ಮೂಲೆಗೆ ರಕ್ತ ಮೆತ್ತಿತ್ತು. ಗಾಯ ತಲೆಯ ಹಿಂಭಾಗದಲ್ಲಿ. ಅಂಗಿಯ ಮೇಲಿನ ಗುಂಡಿ ಕಿತ್ತು ಬಾಗಿಲ ಬಳಿ ಬಿದ್ದಿತ್ತು. ಯಾರೋ ಕೊರಳಪಟ್ಟಿ ಹಿಡಿದು ತಳ್ಳಿದ್ದರು.

ಹೆಡ್‌ಫೋನ್ ಇನ್ನೂ ಕಿವಿಯ ಮೇಲಿತ್ತು. ಅದರ ಉದ್ದನೆಯ ವೈರು ಪೆಟ್ಟಿಗೆಯಿಂದ ಕಳಚಿರಲಿಲ್ಲ. ಬಲಗೈ ದೇಹದ ಅಡಿಗೆ ಸಿಕ್ಕಿಕೊಂಡಿತ್ತು. ಎಡಗೈ ಚಾಚಿತ್ತು. ನೆಲದ ಮೇಲೆ ಅಂಗೈಯಗಲದ ಇನ್ನೊಂದು ರಬ್ಬರ್ ಪ್ಯಾಡ್. ಅದರ ಮೇಲೆ ಎಡಗೈಯ ತೋರುಬೆರಳು.

ಮಾಸ್ತರ ಸ್ಟಿಕ್ಕುಗಳು ಗೋಡೆಯ ಮೊಳೆಗೆ ತೂಗಿದ್ದ ಚೀಲದಲ್ಲಿದ್ದವು. ಚೀಲದ ಜಿಪ್ ಹಾಕಿತ್ತು.

\* \* \*

"ಆರು ವರ್ಷ ಅಪ್ಪ ಇವರ ಜೊತೆ ಮಾತಾಡಿರ್ಲಿಲ್ಲ," ಎಂದಳು ಮಗಳು. "ರೇಡಿಯೋ ಡಬ್ಬಿ ರಿಪೇರಿಯವನಿಗೆ ಮಗಳನ್ನ ಕೊಟ್ಟೆ ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಲಕ್ವ ಹೊಡೆದ ಮೇಲೆ ಇವರೇ ಬಂದು ಈ ಪೆಟ್ಟಿಗೆ ಜೋಡಿಸಿದ್ರು. ನಿನ್ನೆ ಕೂಡ ಜಗಳ ಆಯ್ತು."

"ಏನಂತ?"

"ನನ್ನ ಕೈಗೆ ಸುಳ್ಳು ಹೇಳೋದು ಕಲಿಸ್ತೀಯಾ ಅಂತ ಅಪ್ಪ ಕೂಗಾಡಿದ್ರು."

ಅವಳು ಗಂಡನ ಕಡೆ ನೋಡಲಿಲ್ಲ. "ಮೇಡಂ, ಅವರೇ ಮಾಡಿದ್ರೆ ನಾನಿನ್ನು ಆ ಮನೆ ಮೆಟ್ಟಿಲು ಹತ್ತಲ್ಲ. ಮಾಡಿಲ್ಲ ಅಂದ್ರೂ ಯಾವ ಮುಖ ಇಟ್ಕೊಂಡು ಹತ್ಲಿ? ಬಾಗಿಲು ತೆಗೆದ ಕೂಡ್ಲೇ ನಾನು ನಂಬಿಬಿಟ್ಟೆನಲ್ಲ."

ಕೆಳಗಿನ ದರ್ಜಿ ಕೊರಳಿಗೆ ಟೇಪು ಹಾಕಿಕೊಂಡೇ ಹೇಳಿಕೆ ಕೊಟ್ಟ.

"ಮೂರು ಗಂಟೆಗೆ ಮಾಸ್ತರ ಹಿರಿಯ ಶಿಷ್ಯ ಬಂದ. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಇಳಿದು ಬಂದ. 'ಮಾಸ್ತರು ಅಭ್ಯಾಸಕ್ಕೆ ಕೂತಿದಾರೆ, ಯಾರನ್ನೂ ಮೇಲೆ ಬಿಡ್ಬೇಡಿ' ಅಂದು ಹೋದ. ಐದು ನಿಮಿಷಕ್ಕೆ ಮೇಲೆ ದಬ್ ದಬ್ ಶುರುವಾಯ್ತು. ನನ್ನ ಗುಂಡುಸೂಜಿ ಡಬ್ಬಿ ನಡುಗ್ತಿತ್ತು. ನಾಲ್ಕೂ ಐದಕ್ಕೆ ನಿಂತ್ಹೋಯ್ತು."

"ಆಮೇಲೆ?"

"ಮಗಳು ಬರೋವರೆಗೆ ಈ ಕಡೆಯಿಂದ ನರಪಿಳ್ಳೆ ಹತ್ತಿಲ್ಲ. ಅಳಿಯ ಹಿಂದಿನ ಕಬ್ಬಿಣದ ಮೆಟ್ಟಿಲಿಂದ ಬರ್ತಾನೆ. ಅವನ ಸ್ಕೂಟರ್ ನಿಲ್ಲೋದು ಅಲ್ಲೇ."

ಇನ್ಸ್‌ಪೆಕ್ಟರ್ ಎದ್ದಳು. ದರ್ಜಿ ತನಗೆ ತಾನೇ ಹೇಳಿಕೊಂಡ: "ಪಾಪ, ಈಗೀಗ ಒಂದು ಪೆಟ್ಟು ಗಟ್ಟಿ, ಒಂದು ಪೆಟ್ಟು ಮೆತ್ತಗೆ ಬೀಳ್ತಿತ್ತು. ಇವತ್ತು ಎರಡೂ ಒಂದೇ ಸಮ. ಕೈ ಸರಿಹೋಯ್ತು ಅಂತ ಖುಷಿಪಟ್ಟಿದ್ದೆ."

ಆಕೆ ಮತ್ತೆ ಕೂತಳು. ಕಣ್ಣು ಮುಚ್ಚಿದಳು. "ಇನ್ನೊಂದ್ಸಲ ಹೇಳಿ."

\* \* \*

ಶಿಷ್ಯ ಕತ್ತಲಾಗುವ ಮೊದಲೇ ಓಡಿಬಂದ. ನಲವತ್ತರ ಹತ್ತಿರದವನು. ಕಣ್ಣು ಊದಿದ್ದವು. ಮಾಸ್ತರು ಇಪ್ಪತ್ತು ವರ್ಷ ಕೂತ ವಾದ್ಯವೃಂದದ ಜಾಗದಲ್ಲಿ ಲಕ್ವದ ನಂತರ ಕೂರುತ್ತಿದ್ದವನು ಅವನೇ.

"ನಾಳೆ ಮಾಸ್ತರು ವೃಂದದ ಮುಖ್ಯಸ್ಥರ ಮುಂದೆ ಬಾರಿಸಬೇಕಿತ್ತು," ಎಂದ. "ಜಾಗ ವಾಪಸ್ ಸಿಗೋದ್ರಲ್ಲಿತ್ತು. ಶುಭ ಹಾರೈಸೋಣ ಅಂತ ಬಂದಿದ್ದೆ."

"ಜಾಗ ಅವರಿಗೆ ಸಿಕ್ಕಿದ್ರೆ ನಿಮಗೆ?"

"ಅವರ ಜಾಗ ತಾನೇ, ಮೇಡಂ." ಅವನು ಮೂಗು ಒರೆಸಿಕೊಂಡ. "ನಾನು ಹೋದ ಮೇಲೂ ಅವರು ಬಾರಿಸಿದ್ದನ್ನ ದರ್ಜಿ ಕೇಳಿದಾನೆ. ಅಳಿಯನ್ನ ವಿಚಾರಿಸಿ. ಅವನಿಗೆ ಮೊದಲಿಂದಲೂ ಹೊಟ್ಟೆಯಲ್ಲಿ ಬೆಂಕಿ."

ವೈದ್ಯರ ಮಾತೂ ಅಳಿಯನ ಕಡೆಗೇ ಬೆರಳು ತೋರಿಸುವಂತಿತ್ತು. ಪೆಟ್ಟು ಬಿದ್ದದ್ದು ಮೂರೂವರೆಯಿಂದ ನಾಲ್ಕೂವರೆಯ ಒಳಗೆ. ಬಿದ್ದ ಕೂಡಲೇ ಪ್ರಾಣ ಹೋಗಿಲ್ಲ. ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಜೀವ ಇತ್ತು.

"ನಾಲ್ಕೂ ಐದರವರೆಗೆ ಮಾಸ್ತರು ಬಾರಿಸ್ತಿದ್ರು. ಆಮೇಲೆ ಬಂದವನು ಅಳಿಯ ಒಬ್ಬನೇ," ಎಂದ ದಫೇದಾರ. "ಇನ್ನೇನು ಉಳೀತು ಮೇಡಂ?"

"ಜಿಪ್ ಹಾಕಿದ ಚೀಲ ಉಳೀತು," ಎಂದಳು ಇನ್ಸ್‌ಪೆಕ್ಟರ್.

\* \* \*

ಬೆಳಿಗ್ಗೆ ಆಕೆ ಲಾಕಪ್ಪಿನ ಮುಂದೆ ಕುರ್ಚಿ ಹಾಕಿಸಿಕೊಂಡಳು. ಅಳಿಯ ರಾತ್ರಿಯಿಡೀ ಕೂತೇ ಇದ್ದ.

"ಕೇಳೋದಕ್ಕೆ ಮೊದಲೇ ನಾನಲ್ಲ ಅಂದ್ಯಂತೆ. ಯಾಕೆ?"

"ಆ ಮನೇಲಿ ಏನೇ ಮುರಿದ್ರೂ ಮೊದಲು ನನ್ನ ಹೆಸರೇ ಬರೋದು ಮೇಡಂ. ಬಾಯಿಗೆ ರೂಢಿಯಾಗಿತ್ತು."

"ರಕ್ತ?"

"ತಲೆ ಎತ್ತಿ ನೋಡಿದೆ. ಉಸಿರಾಡ್ತಿರ್ಲಿಲ್ಲ."

ಆಕೆ ಕುರ್ಚಿಯನ್ನು ಕಂಬಿಯ ಹತ್ತಿರಕ್ಕೆ ಎಳೆದುಕೊಂಡಳು. "ಆ ಪೆಟ್ಟಿಗೆ ಏನು ಮಾಡುತ್ತೆ?"

ಅವನು ಮೊದಲ ಸಲ ತಲೆಯೆತ್ತಿದ. "ಟ್ರಿಗರ್ ಪೆಟ್ಟಿಗೆ ಅಂತಾರೆ. ರಬ್ಬರಿನ ಕೆಳಗೆ ಬಿಲ್ಲೆಯಂಥದ್ದೊಂದು ಇರುತ್ತೆ. ಪೆಟ್ಟು ಬಿದ್ರೆ ಅದು ಅದುರುತ್ತೆ. ಅದುರಿದ್ದನ್ನ ಪೆಟ್ಟಿಗೆ ಅಂಕಿ ಮಾಡುತ್ತೆ. ಮೆತ್ತಗೆ ಬಡಿದ್ರೆ ಒಂದೋ ಎರಡೋ. ಪೂರ್ತಿ ಜೋರಿಗೆ ನೂರಾ ಇಪ್ಪತ್ತೇಳು. ಅದಕ್ಕಿಂತ ಮೇಲೆ ಇಲ್ಲ."

"ಮಾಸ್ತರ ಎಡಗೈ?"

"ಎಷ್ಟೇ ಕಷ್ಟಪಟ್ರೂ ಇಪ್ಪತ್ತು ದಾಟ್ತಿರ್ಲಿಲ್ಲ. ಅದಕ್ಕೇ ಎಡಗೈ ಪ್ಯಾಡಿನ ಸೆನ್ಸಿಟಿವಿಟಿ ಏರಿಸಿದೆ. ಅವರ ಇಪ್ಪತ್ತನ್ನ ಪೆಟ್ಟಿಗೆ ತೊಂಬತ್ತು ಅಂತ ತಗೊಳ್ಳೋ ಹಾಗೆ. ಹನ್ನೊಂದು ಸಂಜೆ ಹಿಡೀತು. ಸ್ವಲ್ಪ ಹೆಚ್ಚಾದ್ರೆ ಅಂಗಿ ತೋಳು ತಾಗಿದ್ರೂ ಗುಡುಗುತ್ತೆ, ಕಮ್ಮಿಯಾದ್ರೆ ಸತ್ತ ಹಾಗಿರುತ್ತೆ. ಇದು ಸುಳ್ಳು ಹೇಳೋ ಯಂತ್ರ ಅಂತ ಮಾವ ರೇಗಿದ್ರು. ಸುಳ್ಳಲ್ಲ ಮಾವ, ನಿಮ್ಮ ಕೈ ಪಿಸುಗುಟ್ಟಿದ್ದನ್ನ ಇದು ಕೇಳಿಸ್ಕೊಳ್ಳುತ್ತೆ, ಅಷ್ಟೇ ಅಂದೆ." ಅವನು ತನ್ನ ಅಂಗೈ ನೋಡಿಕೊಂಡ. "ಆಗ ನಕ್ಕರು. ಆರು ವರ್ಷದಲ್ಲಿ ನನ್ನ ಮುಂದೆ ನಕ್ಕಿದ್ದು ಅದೊಂದ್ಸಲ."

"ನೆಲದ ಮೇಲಿದ್ದ ಚಿಕ್ಕ ಪ್ಯಾಡು?"

"ಬೆರಳಿನ ವ್ಯಾಯಾಮಕ್ಕೆ. ತೊಡೆ ಮೇಲಿಟ್ಕೊಂಡು ತಟ್ತಿದ್ರು. ಅದಕ್ಕೆ ಎಲ್ಲದಕ್ಕಿಂತ ಸೂಕ್ಷ್ಮವಾಗಿ ಇಟ್ಟಿದ್ದೆ."

"ಬಾರಿಸಿದ್ದು ಎಲ್ಲಾದ್ರೂ ಉಳಿಯುತ್ತಾ?"

ಅವನು ಕಂಬಿ ಹಿಡಿದು ಎದ್ದು ನಿಂತ. "ಉಳಿಯುತ್ತೆ! ಯಾವ ಪ್ಯಾಡು ಮುಟ್ಟಿದ್ರೂ ಕಂಪ್ಯೂಟರಲ್ಲಿ ತಾನಾಗೇ ದಾಖಲಾಗುತ್ತೆ. ಅಂಕಿ ನೋಡಿ ತಿದ್ದೋದಕ್ಕೆ ಅಂತ ನಾನೇ ಹಾಗೆ ಇಟ್ಟಿದ್ದೆ. ನನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ."

\* \* \*

ಕೋಣೆಯಲ್ಲಿ ಅಳಿಯ ಕಂಪ್ಯೂಟರಿನ ಮುಂದೆ ಕೂತ. ದಾಖಲೆ ಮೂರೂ ಐವತ್ತಾರಕ್ಕೆ ಶುರುವಾಗಿ ನಾಲ್ಕೂ ಐದಕ್ಕೆ ಮುಗಿದಿತ್ತು. ಎಡಗೈ ಸಾಲಿನಲ್ಲಿ ಒಂದೇ ಅಂಕಿ. ನೂರಾ ಇಪ್ಪತ್ತೇಳು, ನೂರಾ ಇಪ್ಪತ್ತೇಳು. ಕೊನೆಯವರೆಗೂ ಅದೇ.

"ಇದು ಮಾವನ ಕೈಯಲ್ಲ," ಎಂದ ಅವನು ಮೆಲ್ಲಗೆ.

"ಹಾಗಾದ್ರೆ ನಿನ್ನ ಕೈ," ಎಂದ ದಫೇದಾರ.

ಇನ್ಸ್‌ಪೆಕ್ಟರ್ ಚೀಲದಿಂದ ಸ್ಟಿಕ್ಕುಗಳನ್ನು ತೆಗೆದು ಅಳಿಯನಿಗೆ ಕೊಟ್ಟಳು. "ಬಾರಿಸು."

ಅವನು ಬಾರಿಸಿದ. ಹಲಗೆಗೆ ಮೊಳೆ ಹೊಡೆದಂತಿತ್ತು. ಎಂಟನೆಯ ಪೆಟ್ಟಿಗೆ ಸ್ಟಿಕ್ ಕೈಜಾರಿ ಬಾಗಿಲ ಬಳಿ ಬಿತ್ತು.

"ಸಾಕಪ್ಪ ಸಾಕು, ನೀನಲ್ಲ," ಎಂದು ದಫೇದಾರ ಅದನ್ನು ಹೆಕ್ಕಿಕೊಟ್ಟ.

ಆಕೆಯ ಕಣ್ಣು ಪರದೆಯ ಏಳನೆಯ ಸಾಲಿಗೆ ಹೋಗಿತ್ತು. ಅಲ್ಲೂ ಅಂಕಿಗಳಿದ್ದವು. ಎರಡು. ಮೂರು. ಎರಡು.

"ಇದು ಚಿಕ್ಕ ಪ್ಯಾಡು," ಎಂದ ಅಳಿಯ. "ಕ್ರಾಸ್‌ಟಾಕ್ ಇರಬಹುದು. ಒಂದು ಪ್ಯಾಡು ಹೊಡೆದ್ರೆ ನೆಲ ಅದುರಿ ಇನ್ನೊಂದೂ ದನಿಗೂಡಿಸುತ್ತೆ. ನಾನು ಅದನ್ನೆಲ್ಲ ನಿಲ್ಲಿಸಿದ್ದೆ, ಆದ್ರೂ..." ಅವನು ಗೆರೆಗಳನ್ನು ದೊಡ್ಡದು ಮಾಡಿದ. ಬಗ್ಗಿ ನೋಡಿದ. "ಇಲ್ಲ. ಅದಾದ್ರೆ ದೊಡ್ಡ ಪೆಟ್ಟಿನ ಜೊತೆಗೇ ಬೀಳಬೇಕು. ಇದು ಯಾರೂ ಹೊಡೀದೆ ಇರೋ ಕಡೆ ಬಿದ್ದಿದೆ."

"ಅದೊಂದನ್ನೇ ಕೇಳಿಸು."

ಸ್ಪೀಕರಿನಿಂದ ಸದ್ದು ಬಂತು. ಟಕ್. ಟಕ್. ಟಕ್. ಆಕೆ ಕಣ್ಣು ಮುಚ್ಚಿ ಕೇಳಿದಳು. ತನ್ನ ಅಪ್ಪನ ಓದಿನಲ್ಲಿ ಎರಡು ಸಾಲುಗಳ ನಡುವೆ ಇರುತ್ತಿದ್ದ ಬಿಡುವಿನಷ್ಟೇ ಸಮವಾಗಿತ್ತು. ಕೇಳುತ್ತ ಕೇಳುತ್ತ ಆಕೆಯ ಕೈಗಳು ತಾವಾಗಿಯೇ ಜೋಡಿಗೊಂಡವು.

ಅಳಿಯ ಗೋಡೆಯ ಕಡೆ ತಿರುಗಿ ಅಳುತ್ತಿದ್ದ.

\* \* \*

ಮಧ್ಯಾಹ್ನ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದಳು. ಮಗಳು ಕಿಟಕಿಗೆ ಒರಗಿದ್ದಳು. ಅಳಿಯ ಕಂಪ್ಯೂಟರಿನ ಬಳಿ. ದರ್ಜಿ ಬಾಗಿಲಲ್ಲಿ. ಶಿಷ್ಯ ಕಪಾಟಿನ ಕಡೆ ನೋಡದೆ ನಿಂತಿದ್ದ.

ಆಕೆ ದಾಖಲೆ ಹಾಕಿಸಿದಳು. ಎಡಗೈಯ ಡ್ರಮ್ ಕೋಣೆ ಬಿರಿಯುವಂತೆ ಗುಡುಗಿತು. ಬಲಗೈ ಅದರಡಿ ಮುಳುಗಿಹೋಯಿತು. ಶಿಷ್ಯ ಬೆಚ್ಚಿ ಹಿಂದೆ ಸರಿದ.

"ಯಾರು ಬಾರಿಸಿದ್ದು?"

"ಮಾಸ್ತರು... ಇರಬೇಕು. ಸೆಟ್ಟಿಂಗು ತಪ್ಪಿರಬಹುದು."

"ಸೆಟ್ಟಿಂಗು ಸರಿಯಾಗಿದೆ. ಕೈ ತಪ್ಪು. ಲಕ್ವ ಹೊಡೆದ ಕೈಗೆ ಇಟ್ಟಿದ್ದ ಪ್ಯಾಡನ್ನ ಗಟ್ಟಿ ಕೈಯವನು ಬಾರಿಸಿದಾನೆ. ಹೆಡ್‌ಫೋನ್ ಹಾಕ್ಕೊಂಡಿದ್ರೆ ಮೊದಲ ಪೆಟ್ಟಿಗೇ ಗೊತ್ತಾಗ್ತಿತ್ತು. ಅವನು ಹಾಕ್ಕೊಳ್ಳಲಿಲ್ಲ. ಯಾಕಂದ್ರೆ ಅದು ಕೆಳಗೆ ಬಿದ್ದವರ ಕಿವಿಯಲ್ಲಿತ್ತು."

ಡ್ರಮ್ ನಡೆಯುತ್ತಲೇ ಇತ್ತು.

"ಮಾಸ್ತರ ಸ್ಟಿಕ್ಕು ಚೀಲದಲ್ಲೇ ಇತ್ತು. ಬಾರಿಸಿದವನು ತನ್ನ ಸ್ಟಿಕ್ಕು ತಂದಿದ್ದ. ಮುಂದಿನ ಮೆಟ್ಟಿಲಿಳಿದು ದರ್ಜಿಗೆ ಮುಖ ತೋರಿಸಿದ. ಹಿಂದಿನ ಮೆಟ್ಟಿಲು ಹತ್ತಿ ಬಂದು ಕೂತ. ಅವನಿಗೆ ಬೇಕಾಗಿದ್ದು ಕೆಳಗಿನ ಗುಂಡುಸೂಜಿ ಡಬ್ಬಿ ನಡುಗೋದು, ಅಷ್ಟೇ. ಕಂಪ್ಯೂಟರ್ ಕೇಳಿಸ್ಕೊಳ್ತಿದೆ ಅಂತ ಅವನಿಗೆ ಗೊತ್ತಿರ್ಲಿಲ್ಲ."

"ಇದು ಯಾರಾದ್ರೂ ಆಗಿರಬಹುದು," ಎಂದ ಶಿಷ್ಯ. ದನಿ ಒಣಗಿತ್ತು.

ಕಿಟಕಿಯ ಬಳಿಯಿಂದ ಮಗಳು ಮಾತಾಡಿದಳು. "ನಾಲ್ಕು ಸುತ್ತಿಗೊಂದ್ಸಲ ಕೈ ಲಯ ಬಿಟ್ಟು ಓಡ್ತಿದೆ. ಚಿಕ್ಕವಳಿದ್ದಾಗಿಂದ ಪಕ್ಕದ ಕೋಣೇಲಿ ಕೂತು ಕೇಳಿದೀನಿ. 'ಓಡ್ಬೇಡ್ವೋ, ಓಡ್ಬೇಡ್ವೋ' ಅಂತ ಅಪ್ಪ ಒಬ್ಬನಿಗೇ ಹೇಳ್ತಿದ್ದಿದ್ದು." ಅವಳು ತಿರುಗಿದಳು. "ಇದು ನೀನು, ಅಣ್ಣಾ."

ಶಿಷ್ಯ ಸ್ಟೂಲಿನ ಮೇಲೆ ಕುಸಿದ.

"ಬಾರಿಸೋಕೆ ಹೋಗ್ಬೇಡಿ ಅಂತ ಬೇಡ್ಕೊಂಡೆ. ಈ ಜಾಗ ಬಿಟ್ರೆ ನನಗೆ ಬೇರೆ ಏನೂ ಇಲ್ಲ ಅಂದೆ. ಹೆಡ್‌ಫೋನ್ ಹಾಕ್ಕೊಂಡು ಬೆನ್ನು ತಿರುಗಿಸಿದ್ರು. ಕೊರಳಪಟ್ಟಿ ಹಿಡಿದು ತಿರುಗಿಸಿ ತಳ್ಳಿದೆ. ಅಷ್ಟೇ. ಒಂದೇ ಒಂದ್ಸಲ." ಅವನು ಮುಖ ಮುಚ್ಚಿಕೊಂಡ. "ಆಗಲೇ ಹೋಗಿಬಿಟ್ಟಿದ್ರು ಮೇಡಂ. ಹೋದವರಿಗೆ ನಾನೇನು ಮಾಡೋದಿತ್ತು?"

ಇನ್ಸ್‌ಪೆಕ್ಟರ್ ಹೇಳದೆ ಬಿಡಬಹುದೇ ಎಂದು ಒಂದು ಕ್ಷಣ ಯೋಚಿಸಿದಂತಿತ್ತು. ಆಮೇಲೆ ಅಳಿಯನಿಗೆ ಸನ್ನೆ ಮಾಡಿದಳು. ಏಳನೆಯ ಸಾಲಿನ ದನಿ ಏರಿತು. ಗುಡುಗಿನ ನಡುವೆ ಟಕ್. ಟಕ್. ಟಕ್.

"ಇದೇನು?" ಎಂದ ಶಿಷ್ಯ.

"ನೆಲದ ಮೇಲಿನ ಪ್ಯಾಡು. ನೀವು ಅವರಿಗೆ ಬೆನ್ನು ಹಾಕಿ ಕೂತಿದ್ರಿ. ಅವರ ಕಿವಿಯಲ್ಲಿ ಹೆಡ್‌ಫೋನಿತ್ತು. ನೀವು ಬಾರಿಸಿದ್ದಷ್ಟೂ ಅವರಿಗೆ ಕೇಳ್ತಿತ್ತು."

ದಾಖಲೆಯಲ್ಲಿ ಶಿಷ್ಯನ ಕೈ ಮತ್ತೆ ಓಡಿತು. ಟಕ್ ಓಡಲಿಲ್ಲ. ತನ್ನ ಜಾಗದಲ್ಲೇ ಬಿತ್ತು. ಮತ್ತೊಮ್ಮೆ ಅಲ್ಲೇ ಬಿತ್ತು. ಶಿಷ್ಯನ ಮುಖದ ಬಣ್ಣ ಇಳಿಯಿತು. ಇಪ್ಪತ್ತು ವರ್ಷ ಕೇಳಿದ್ದ ಪಾಠವನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ತಾಳ ಹಿಡಿದಿದಾರೆ," ಎಂದ, ತನಗಷ್ಟೇ ಕೇಳುವಂತೆ. "ನನಗೆ... ತಾಳ ಹಿಡಿದಿದಾರೆ."

ಏಳನೆಯ ನಿಮಿಷದಲ್ಲಿ ಒಂದು ಟಕ್ ಬಿತ್ತು. ಮುಂದಿನದು ಬೀಳಲಿಲ್ಲ. ಗುಡುಗು ಇನ್ನೂ ಎರಡು ನಿಮಿಷ ಒಂದೇ ನಡೆದು ನಿಂತಿತು.

ದಫೇದಾರ ಅವನ ತೋಳು ಹಿಡಿದ. ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿದುಹೋದವು. ದರ್ಜಿಯೂ ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡು ಇಳಿದ.

ಪೆಟ್ಟಿಗೆಯನ್ನು ಠಾಣೆಗೆ ಒಯ್ಯಬೇಕಿತ್ತು. ಅಳಿಯ ಪ್ಯಾಡುಗಳ ವೈರುಗಳನ್ನು ಒಂದೊಂದಾಗಿ ಕಳಚತೊಡಗಿದ. ಕೊನೆಗೆ ಚಿಕ್ಕ ಪ್ಯಾಡಿನ ವೈರು ಉಳಿಯಿತು. ಅವನ ಕೈ ನಿಂತಿತು.

"ಕೇಸು ಮುಗಿದು ವಾಪಸ್ ಬಂದ ಮೇಲೆ," ಎಂದ, ಯಾರ ಮುಖವನ್ನೂ ನೋಡದೆ, "ಎಡಗೈದು ಮಾಮೂಲಿಗೆ ಇಳಿಸಲಾ?"

ನಿನ್ನೆ ಸಂಜೆಯಿಂದ ಅವನೊಡನೆ ಒಂದು ಮಾತೂ ಆಡಿರದ ಹೆಂಡತಿ ಬಂದು ಅವನ ಪಕ್ಕ ನೆಲದ ಮೇಲೆ ಕೂತಳು.

"ಬೇಡ," ಎಂದಳು. "ಅಪ್ಪನಿಗೆ ಇಟ್ಟ ಹಾಗೇ ಇರ್ಲಿ."

ಅವಳು ಚಿಕ್ಕ ಪ್ಯಾಡಿನ ಮೇಲೆ ತೋರುಬೆರಳು ಇಟ್ಟಳು. ತಟ್ಟಲಿಲ್ಲ. ಸುಮ್ಮನೆ ಇಟ್ಟಳು. ಪರದೆಯ ಮೇಲೆ ಒಂದು ಅಂಕಿ ಮೂಡಿ ಹೋಯಿತು.