ಆರನೇ ತಿರುವಿನ ಕಲ್ಲು

"ಏನ್ರೀ ಗೈಡ್ ಸಾಹೇಬ್ರೇ, ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ?"

ಟೀಚರ್ ಬಂದಿದ್ದಳು. ಕಮರಿಯ ಅಂಚಿನ ತಗಡಿನ ಶೆಡ್ಡಿನ ಮುಂದೆ ಕೂತು, ಶೂ ಲೇಸ್ ಬಿಗಿಯುತ್ತಾ, ಓರೆಗಣ್ಣಲ್ಲಿ ಅವನನ್ನೇ ನೋಡುತ್ತಿದ್ದಳು. ಆ ನೋಟ ತಪ್ಪಿಸಿ ಗೈಡ್ ನೀರಿನ ಬಾಟಲಿಗಳ ಕಡೆ ತಿರುಗಿಕೊಂಡ.

"ನಿದ್ದೆ ಇಲ್ಲ."

"ನಂಗೂ ಇಲ್ಲ. ಆದ್ರೂ ಚೆನ್ನಾಗಿ ಕಾಣ್ತಿದೀನಿ, ಅಲ್ವಾ?"

ಚೆನ್ನಾಗಿಯೇ ಕಾಣುತ್ತಿದ್ದಳು. ಅವನಿಗೆ ಸಿಟ್ಟು ಬಂದದ್ದೇ ಅದಕ್ಕೆ.

ಶೆಡ್ಡಿನ ಬಾಗಿಲಲ್ಲಿ ಒಂದು ಡಬ್ಬಿ, ಅದರ ತುಂಬ ಬಿಳಿ ಬೆಣಚುಕಲ್ಲು. ಇಳಿಯುವವರ ಜೇಬಿಗೆ ಒಂದೊಂದು. ದಾರಿಯಲ್ಲಿ ಯಾರಿಗೆ ಆಗುವುದಿಲ್ಲವೋ ಅವರು ಕಲ್ಲನ್ನು ಗೈಡ್ ಕೈಗೆ ಕೊಟ್ಟರೆ ಮುಗಿಯಿತು. ಯಾಕೆ, ಏನು ಎಂದು ಕೇಳುವಂತಿಲ್ಲ. ಇಡೀ ಗುಂಪು ಮೇಲಕ್ಕೆ ತಿರುಗಬೇಕು. 'ಆಗಲ್ಲ' ಎಂದು ಬಾಯಿಬಿಟ್ಟು ಹೇಳಲು ನಾಚಿಯೇ ಜನ ಸಾಯುತ್ತಾರೆ, ಅದಕ್ಕೇ ಈ ಕಲ್ಲು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಗೈಡ್ ಬಾಯಿಪಾಠ ಮಾಡಿಕೊಂಡಿದ್ದ ಪಾಠ ಇದೊಂದೇ.

ಹೋದ ಬೇಸಿಗೆಯಲ್ಲಿ ಅವಳ ತಮ್ಮ ಏಳನೇ ತಿರುವಿನ ಕೆಳಗೆ ಬಿಸಿಲಿಗೆ ಕುಸಿದು ಸತ್ತಿದ್ದ. ಇಪ್ಪತ್ತೊಂದು ವರ್ಷ. ಹೆಗಲ ಮೇಲೆ ಹೊತ್ತು ತಂದವನು ಇದೇ ಗೈಡ್. ಹುಡುಗನ ಜೇಬಿನಲ್ಲಿ ಕಲ್ಲು ಹಾಗೇ ಇತ್ತು. "ಹಟಮಾರಿ! ಸೋತೆ ಅನ್ನೋಕೆ ಅವಮಾನ ಅವನಿಗೆ" ಎಂದು ಅಕ್ಕ ಬೈದುಕೊಂಡು ಅತ್ತಳು. ಚಾರಣದ ಆಫೀಸಿನವರು ಅದನ್ನೇ ಬರೆದುಕೊಂಡು ಫೈಲ್ ಮುಚ್ಚಿದರು. ಫ್ಯಾನಿನ ಕೆಳಗೆ ಕೂತವರಿಗೆ ಅಷ್ಟು ಸಾಕಿತ್ತು. ಗೈಡ್ ತುಟಿ ಪಿಟಕ್ಕೆನ್ನಲಿಲ್ಲ.

ಅರ್ಧ ವರ್ಷದ ಮೇಲೆ, ತಮ್ಮ ಬಿದ್ದ ಜಾಗ ನೋಡಬೇಕೆಂದು ಅವಳು ಬರತೊಡಗಿದಳು. ಮೊದಲ ಸಲ ಒಂದನೇ ತಿರುವಿಗೇ ಕಲ್ಲು ಕೊಟ್ಟಳು. ಆಮೇಲೆ ತಿಂಗಳಿಗೊಂದು ತಿರುವು. ಮೂರನೆಯದರಲ್ಲಿ ಅವನ ಮಾತಿಗೆ ನಕ್ಕಳು. ನಾಲ್ಕನೆಯದರಲ್ಲಿ 'ನೀವು' ಹೋಗಿ 'ನೀನು' ಬಂತು. ಐದನೆಯದರಲ್ಲಿ ಅವನ ಮೊಣಕೈ ತರಚಿದಾಗ ತನ್ನ ಕರ್ಚೀಫ್ ಕಟ್ಟಿದಳು. ಗಂಟು ಬಿಗಿದ ಮೇಲೂ ಕೈ ತೆಗೆಯಲಿಲ್ಲ.

ಇವತ್ತು ಕೆಳಗಿನವರೆಗೂ ಹೋಗುವುದೆಂದು ಹಟ ಹಿಡಿದಿದ್ದಳು.

ಇಳಿದರು. ಎರಡೂ ಕಡೆ ಕೆಂಪು ಬಂಡೆಗೋಡೆ, ಕಾಲಡಿ ಜಾರುವ ಪುಡಿಗಲ್ಲು, ಒಂದು ಹಸಿರೆಲೆಯಿಲ್ಲ. ಬಿಸಿಲು ಏರಿದಂತೆ ಕಮರಿ ಬಾಣಲೆಯಂತೆ ಕಾಯತೊಡಗಿತು. ಆರನೇ ತಿರುವಿನ ತುಂಡು ನೆರಳಿನಲ್ಲಿ ಅವಳು ನಿಂತು ನೀರು ಕುಡಿದಳು.

"ಅಮ್ಮ ಒಪ್ಪಿದ್ಲು."

"ಯಾವುದಕ್ಕೆ?"

"ಅಯ್ಯೋ ಪೆದ್ದೇ, ಈ ಬಂಡೆಗೆ ಹೇಳಿದ್ರೂ ಅರ್ಥ ಆಗ್ತಿತ್ತು." ಅವಳ ಕೆನ್ನೆ ಬಿಸಿಲಿಗಿಂತ ಹೆಚ್ಚೇ ಕೆಂಪಗಾಗಿತ್ತು. "'ನನ್ನ ಮಗನನ್ನ ಹೊತ್ತು ತಂದ ಹೆಗಲು ಅದು, ನಿನ್ನ ಕೈ ಬಿಡುತ್ತಾ' ಅಂದ್ಲು."

ಇಷ್ಟು ತಿಂಗಳಿಂದ ಅವನು ಕಾಯುತ್ತಿದ್ದ ಮಾತು, ಹೆದರುತ್ತಿದ್ದ ಮಾತು ಎರಡೂ ಒಟ್ಟಿಗೇ ಬಂದಿದ್ದವು. ಹೂಂ ಎಂದರೆ ಸಾಕು, ಅವಳು ಅವನವಳು.

"ನಿನ್ನ ತಮ್ಮ ಕಲ್ಲು ಕೊಟ್ಟಿದ್ದ" ಎಂದ.

"ಏನು?"

"ಇಲ್ಲೇ. ಇದೇ ಜಾಗದಲ್ಲಿ. ನಗ್ತಾ ಕೊಟ್ಟ. 'ಅಣ್ಣಾ, ಸಾಕು, ಮನೆಗೆ ಹೋಗೋಣ' ಅಂದ. ಬೆಳಗ್ಗೆಯಿಂದ ಎಲ್ಲರನ್ನೂ ನಗಿಸ್ತಿದ್ದ ಹುಡುಗ, ಇದೂ ತಮಾಷೆ ಅಂದ್ಕೊಂಡೆ. ಹಿಂದೆ ದುಬಾರಿ ಶೂನವರು ಹತ್ತು ಜನ, 'ನಡೀರಿ ನಡೀರಿ' ಅಂತಿದ್ರು. ಅವರೂ ನಕ್ರು, ನಾನೂ ನಕ್ಕೆ. ಕಲ್ಲನ್ನ ವಾಪಸ್ ಅವನ ಜೇಬಿಗೆ ಹಾಕಿ ಬಟನ್ ಹಾಕ್ದೆ."

ಎಲ್ಲೋ ಮೇಲಿನಿಂದ ಸಣ್ಣ ಕಲ್ಲೊಂದು ಉರುಳಿ ಬಂತು.

"ಬಟನ್" ಎಂದಳು ಅವಳು, ತನಗೇ ಎಂಬಂತೆ. "ಅವನು ಹುಟ್ಟಿದಾಗಿನಿಂದ ಜೇಬಿನ ಬಟನ್ ಹಾಕಿದವನಲ್ಲ. ಆಸ್ಪತ್ರೆಲಿ ಶರ್ಟ್ ಕೊಟ್ಟಾಗ ನೋಡಿದ್ದೆ. ಇದ್ಯಾಕೆ ಹೀಗೆ ಅನ್ಕೊಂಡಿದ್ದೆ."

ಅವನು ತಲೆ ಎತ್ತಲಿಲ್ಲ.

"ಒಂದು ವರ್ಷ ಬೈದೆ ಕಣೋ ಅವನನ್ನ. ದಿನಾ ಫೋಟೋ ಮುಂದೆ ನಿಂತು ಬೈದೆ." ಅವಳು ಅವನ ಕಡೆ ತಿರುಗಿದಳು. "ಈಗ ಯಾಕೆ ಹೇಳ್ದೆ?"

"ಇನ್ನೊಂದು ತಿರುವು ಇಳಿದಿದ್ರೆ ಹೇಳೋಕೆ ಆಗ್ತಿರ್ಲಿಲ್ಲ. ನಿನ್ನನ್ನ ಕಳ್ಕೊಳ್ಳೋ ಧೈರ್ಯ ಇರ್ತಿರ್ಲಿಲ್ಲ."

ಅವಳು ಕಮರಿಯ ತಳದ ಮರಳಿನ ಕಡೆ ನೋಡಿದಳು. ಆಮೇಲೆ ಜೇಬಿಗೆ ಕೈ ಹಾಕಿ ಬಿಳಿ ಕಲ್ಲನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಅವಳ ಬೆರಳುಗಳು ಒಂದು ಕ್ಷಣ ಅಲ್ಲೇ ಉಳಿದವು.

"ನಾನು ನಗ್ತಿಲ್ಲ" ಎಂದಳು.

ಯಾಕೆ ಎಂದು ಕೇಳುವಂತಿಲ್ಲ. ಅವನು ಮೇಲಕ್ಕೆ ತಿರುಗಿದ.

ಹತ್ತುವಾಗ ಕಡಿದಾದ ಕಡೆ ಅವನು ಕೈ ಚಾಚಿದ; ಅವಳು ಹಿಡಿದಳು, ಎಂದಿಗಿಂತ ಬಿಗಿಯಾಗಿ. ಹತ್ತಿದ ಮೇಲೆ ಬಿಟ್ಟಳು.

ಶೆಡ್ಡಿನ ಬಳಿ ಅವನು ಕಲ್ಲನ್ನು ಡಬ್ಬಿಗೆ ಹಾಕಲು ಹೋದ.

"ಹಾಕ್ಬೇಡಿ" ಎಂದಳು. 'ನೀವು' ವಾಪಸ್ ಬಂದಿತ್ತು. "ನಿಮ್ಮ ಹತ್ರಾನೇ ಇರ್ಲಿ. ಮುಂದೆ ಯಾರಾದ್ರೂ ನಗ್ತಾ ಕೊಟ್ರೆ, ಇದನ್ನ ಮುಟ್ಟಿ ನೋಡ್ಕೊಳ್ಳಿ."

"ಟೀಚರ್..."

"ಹೊತ್ತು ತಂದ ಹೆಗಲು ಹೆಗಲೇ. ಅದನ್ನ ಅಮ್ಮನಿಗೆ ಹೇಳ್ತೀನಿ. ಈ ಕಲ್ಲಿನ ವಿಷಯಾನೂ ಹೇಳ್ತೀನಿ." ಕಣ್ಣೊರೆಸಿಕೊಂಡಳು. "ಇವತ್ತು ಮನೆಗೆ ಹೋಗಿ ಮೊದಲು ಅವನ ಹತ್ರ ಕ್ಷಮೆ ಕೇಳ್ಬೇಕು ನಾನು."

ಬಸ್ಸು ಅವಳನ್ನು ಕರೆದುಕೊಂಡು ಹೋಯಿತು. ಕಿಟಕಿಯಿಂದ ಅವಳು ಒಮ್ಮೆ ತಿರುಗಿ ನೋಡಿದಳು. ಧೂಳಿನಲ್ಲಿ ಆ ನೋಟ ಎಂಥದೆಂದು ಅವನಿಗೆ ಕಾಣಲಿಲ್ಲ.

ಗೈಡ್ ಕಲ್ಲನ್ನು ತನ್ನ ಶರ್ಟಿನ ಜೇಬಿಗೆ ಹಾಕಿಕೊಂಡ. ರೂಢಿಯಂತೆ ಬೆರಳು ಬಟನ್ ಹಾಕಲು ಹೋಯಿತು, ಅಲ್ಲೇ ನಿಂತಿತು. ಜೇಬನ್ನು ತೆರೆದೇ ಬಿಟ್ಟ.