ಕೆಂಪಿಯ ಬಾನೆಟ್ಟಿನಲ್ಲಿ ತಲೆ ಬಾಚಿದ್ದು

"ಅದು ನಿಮಗೆ ಬೇಡ" ಎಂದು ಅವನು ನನ್ನ ಕೈಯಲ್ಲಿದ್ದ ಮೆಷಿನ್ನನ್ನು ಮೆಲ್ಲಗೆ ತೆಗೆದು ಮತ್ತೆ ಶೆಲ್ಫಿನ ಮೇಲಿಟ್ಟ.

ನನಗೆ ಮೈಯೆಲ್ಲ ಉರಿದುಹೋಯಿತು. ಸೋಮವಾರ, ಊಟದ ಬಿಡುವು, ಇದ್ದದ್ದು ಅರ್ಧ ಗಂಟೆ. ನಮ್ಮ ಔಷಧಿ ಅಂಗಡಿಯಿಂದ ಎರಡು ರಸ್ತೆ ದಾಟಿ, ಡ್ರಿಲ್ಲು ಗರಗಸ ಸ್ಪ್ಯಾನರುಗಳ ಆ ಅಂಗಡಿಗೆ ಓಡಿ ಬಂದಿದ್ದೆ. ಇದ್ದ ಪಾಲಿಶ್ ಮೆಷಿನ್ನುಗಳಲ್ಲೇ ಅಗ್ಗದ್ದನ್ನು, ಎಲ್ಲಕ್ಕಿಂತ ಜೋರಾಗಿ ತಿರುಗುವುದನ್ನು ಹುಡುಕಿ ತೆಗೆದಿದ್ದೆ. ಅಗ್ಗವೂ ಹೌದು, ಜೋರೂ ಹೌದು, ಇನ್ನೇನು ಬೇಕು?

"ಯಾಕೆ ಬೇಡ? ಹೆಂಗಸರ ಕೈಲಿ ಆಗಲ್ಲ ಅಂತಾನಾ?"

"ಹಾಗಲ್ಲ ಮೇಡಂ. ಕಾರು ಯಾವ ಕಾಲದ್ದು?"

"ಯಾವ ಕಾಲದ್ದಾದ್ರೂ ಆಗಲಿ. ಕಾರು ನಮ್ಮದು, ದುಡ್ಡು ನಂದು. ಬಿಲ್ ಹಾಕಿ."

ಗಲ್ಲಾದ ಹಿಂದೆ ಕೂತಿದ್ದ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ ನಿಟ್ಟುಸಿರು ಬಿಟ್ಟರು. "ಶುರುವಾಯ್ತು. ಬಂದ ಗಿರಾಕಿಗೆಲ್ಲ ಬೇಡ ಅನ್ನೋದೇ ಇವನ ಕಸುಬು. ಅಕ್ಕನ ಮಗ ಅಂತ ಇಟ್ಕೊಂಡಿದ್ದೀನಮ್ಮ, ಬೇರೆಯವನಾಗಿದ್ರೆ ಎಂದೋ ಓಡಿಸ್ತಿದ್ದೆ. ಬೀದಿಯೆಲ್ಲ ಇವನನ್ನ ಬೇಡಪ್ಪ ಅಂತಲೇ ಕರೆಯೋದು."

ಬೇಡಪ್ಪನಿಗೆ ಬೇಸರವಾದಂತೆ ಕಾಣಲಿಲ್ಲ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು. ಸಿಟ್ಟಿನಲ್ಲಿ ಇದ್ದವಳಿಗೆ ಅದೆಲ್ಲ ಯಾಕೆ ಕಾಣಬೇಕಿತ್ತೋ, ಕಂಡಿತು.

"ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದ.

"ಫಾರ್ಮಸಿಸ್ಟ್. ಆ ಮೂಲೆ ಔಷಧಿ ಅಂಗಡಿ."

"ಹಾಗಾದ್ರೆ ಯಾರೋ ಡಾಕ್ಟರ್ ಚೀಟಿ ಇಲ್ಲದೆ ಬಂದು, ಇರೋದ್ರಲ್ಲೇ ಸ್ಟ್ರಾಂಗ್ ಮಾತ್ರೆ ಕೊಡಿ ಅಂದ್ರೆ ಕೊಡ್ತೀರಾ?"

ಅಂದು ಬೆಳಗ್ಗೆಯಷ್ಟೇ ಹಾಗೆ ಕೇಳಿದ ಒಬ್ಬರಿಗೆ ಚೆನ್ನಾಗಿ ಬೈದು, "ಮೊದಲು ಪೊಟ್ಟಣದ ಮೇಲೆ ಬರೆದಿರೋದನ್ನ ಓದೋದು ಕಲೀರಿ" ಎಂದು ಉಪದೇಶ ಮಾಡಿ ಕಳಿಸಿದ್ದೆ.

"ರೋಗಿ ಯಾರು ಹೇಳಿ" ಎಂದ.

ಹೇಳಿದೆ. ರೋಗಿಯ ಹೆಸರು ಕೆಂಪಿ. ಅಮ್ಮನ ಕಾರು. ಅಮ್ಮ ಹೆರಿಗೆ ಆಸ್ಪತ್ರೆಯ ನರ್ಸ್ ಆಗಿದ್ದವಳು. ಇಪ್ಪತ್ತಾರು ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದಾಗಲೆಲ್ಲ ಕೆಂಪಿಯನ್ನೇ ಓಡಿಸಿಕೊಂಡು ಹೋಗಿದ್ದಳು. ಬಸುರಿಯರನ್ನು ಕರೆದೊಯ್ಯುವಾಗ ಎರಡು ಮಕ್ಕಳು ಆಸ್ಪತ್ರೆ ಮುಟ್ಟುವಷ್ಟೂ ತಾಳ್ಮೆಯಿಲ್ಲದೆ ಕೆಂಪಿಯ ಹಿಂದಿನ ಸೀಟಿನಲ್ಲೇ ಹುಟ್ಟಿದ್ದವು. ಇಂಜಿನ್ ಇನ್ನೂ ಗಟ್ಟಿ, ಬಣ್ಣ ಮಾತ್ರ ಬಿಸಿಲಿಗೆ ಸತ್ತು, ಮೇಲೆ ಬೂದಿ ಎರಚಿದಂತಾಗಿತ್ತು. ಅಣ್ಣನಿಗೆ ಅದು ಮನೆ ಮುಂದೆ ನಿಂತಿರುವುದೇ ನಾಚಿಕೆ. ಭಾನುವಾರ ಹತ್ತು ಗಂಟೆಗೆ ಹಳೇ ಕಾರು ಕೊಳ್ಳುವವರನ್ನು ಬರಹೇಳಿದ್ದ. ನಾನು ಜಗಳಕ್ಕೆ ನಿಂತಾಗ, "ಆಯ್ತು, ಭಾನುವಾರದೊಳಗೆ ಅಮ್ಮ ಆ ಬಾನೆಟ್ ನೋಡ್ಕೊಂಡು ತಲೆ ಬಾಚೋ ಹಾಗೆ ಮಾಡು, ಕಾರು ಇಲ್ಲೇ ಇರಲಿ" ಎಂದು ನಕ್ಕಿದ್ದ. ಅಮ್ಮ ಎದ್ದು ಹೋಗಿ ಕೆಂಪಿಯ ಬಾಗಿಲಿನ ಮೇಲೆ ಕೈಯಿಟ್ಟು ನಿಂತಳು, ಅಷ್ಟೇ. ನನಗೆ ತಡೆಯಲಾಗದೇ ಹೋದದ್ದು ಅದು.

ಕೇಳಿಸಿಕೊಂಡ ಬೇಡಪ್ಪ ಒಳಗಿನಿಂದ ಒಂದು ಹಳೇ ಬಾನೆಟ್ ತಂದು ಬೆಂಚಿಗೆ ಒರಗಿಸಿದ. ಅದರ ತುಂಬ ಸುಟ್ಟ ಕಲೆಗಳು.

"ಇದು ನಮ್ಮ ಮಾವನ ಕಾರಿಂದು. ಹೊಸದ್ರಲ್ಲಿ ನಾನೇ ಪಾಲಿಶ್ ಮಾಡ್ತೀನಿ ಅಂತ ಹೋಗಿದ್ದೆ."

"ಆರು ತಿಂಗಳು ನಾನು ಇವನ ಹತ್ರ ಮಾತಾಡಲಿಲ್ಲ" ಎಂದಿತು ಪೇಪರು.

ಅವನು ನನ್ನ ಅಗ್ಗದ ಜೋರಿನ ಮೆಷಿನ್ನನ್ನೇ ಕೊಟ್ಟ. ಒತ್ತಿ ಹಿಡಿದೆ. ಅದು ನನ್ನನ್ನೇ ಎಳೆದುಕೊಂಡು ಹೋಯಿತು. ಹತ್ತು ಎಣಿಸುವುದರೊಳಗೆ ಸುಟ್ಟ ವಾಸನೆ, ಬಣ್ಣ ಕಿತ್ತು ಕೆಳಗಿನ ಬಿಳಿ ಕಂಡಿತು. ಅದು ಕೆಂಪಿಯಾಗಿದ್ದರೆ ಎಂದು ನೆನೆದು ತಟ್ಟನೆ ಸ್ವಿಚ್ ಆರಿಸಿದೆ.

"ಇದು ಒಂದೇ ಜಾಗದಲ್ಲಿ ಗಿರಗಿರ ತಿರುಗುತ್ತೆ. ಕೈ ಪಳಗಿದವರಿಗೆ ಸರಿ" ಎಂದು ಇನ್ನೊಂದನ್ನು ಕೊಟ್ಟ. "ಇದು ತಿರುಗ್ತಾನೂ ಇರುತ್ತೆ, ಅಲುಗಾಡ್ತಾನೂ ಇರುತ್ತೆ. ಜಾಸ್ತಿ ಒತ್ತಿದ್ರೆ ಸುಡಲ್ಲ, ತಾನೇ ನಿಂತುಬಿಡುತ್ತೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಬೆಲೆ, ಆದ್ರೆ ಪಕ್ಕದಲ್ಲಿರೋ ಆ ದೊಡ್ಡದರ ಅರ್ಧ. ಮನೇಲಿ ಒಂದು ಕಾರಿಗೆ ಇಷ್ಟು ಸಾಕು."

"ದೊಡ್ಡದು ಬೇಡ್ವಾ?"

"ಬೇಡ" ಎಂದ. ಎಡಗೆನ್ನೆಯ ಗುಳಿ ಬಿತ್ತು. "ಮೊದಲು ಪಾಲಿಶ್, ಆಮೇಲೆ ವ್ಯಾಕ್ಸ್. ವೈರು ಯಾವಾಗಲೂ ಭುಜದ ಮೇಲೆ ಹಾಕ್ಕೊಳ್ಳಿ, ಬಣ್ಣದ ಮೇಲೆ ಎಳೆದಾಡಿದ್ರೆ ಗೆರೆ ಬೀಳುತ್ತೆ."

ಬಾಕ್ಸನ್ನು ಅವನೇ ಒಳಗೆ ಒಯ್ದು ಪ್ಯಾಕ್ ಮಾಡಿ ತಂದ. ನಾನು ಬಿಲ್ಲು ತೆಗೆದುಕೊಂಡು ಓಡಿದೆ.

*

ಮಂಗಳವಾರ ಬೆಳಗ್ಗೆ ಕೆಂಪಿಯ ಹಿಂದಿನ ಬಾಗಿಲಿಗೆ ಮೆಷಿನ್ ಇಟ್ಟು ಎರಡು ನಿಮಿಷ ಆಗಿರಲಿಲ್ಲ, ಅದರ ತುದಿಗೆ ಸಿಕ್ಕಿಸಿದ್ದ ಸ್ಪಾಂಜಿನ ಪ್ಯಾಡ್ ರಕ್ತದಲ್ಲಿ ಅದ್ದಿದ ಹಾಗೆ ಕೆಂಪಾಯಿತು. ಪ್ಯಾಡನ್ನು ಮಾತ್ರೆಯ ಕವರಿಗೆ ಹಾಕಿಕೊಂಡು, ಅಂಗಡಿಯ ಶಟರ್ ಎತ್ತುವುದನ್ನೇ ಕಾದು ನಿಂತೆ.

"ಸುಡಲ್ಲ ಅಂದ್ರಿ! ನೋಡಿ, ಬಣ್ಣವೇ ಎದ್ದು ಬಂದಿದೆ! ನಮ್ಮಮ್ಮನ ಕಾರು!"

ನನ್ನ ಕಣ್ಣಲ್ಲಿ ನೀರಿತ್ತು ಎಂದು ಆಮೇಲೆ ಅವನು ಹೇಳಿದ. ನನಗೆ ನೆನಪಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ.

ಅವನು ಪ್ಯಾಡನ್ನು ಬೆಳಕಿಗೆ ಹಿಡಿದು ನೋಡಿದ. "ಗಾಬರಿ ಬೇಡ. ಹಳೇ ಕಾಲದ ಬಣ್ಣ, ಮೇಲೆ ಗಾಜಿನಂಥ ಪದರ ಇರಲ್ಲ. ಇದು ಸತ್ತ ಬಣ್ಣ. ಜೀವ ಇರೋದು ಕೆಳಗಿದೆ. ಆ ಜಾಗ ಒರೆಸಿ ನೋಡಿದ್ರಾ?"

ನೋಡಿರಲಿಲ್ಲ.

"ಇದನ್ನ ತೊಳೆದು ಹಾಕಿ, ಒಣಗೋಕೆ ಒಂದು ದಿನ ಬೇಕು. ಅಲ್ಲೀವರೆಗೆ ಇದು" ಎಂದು ಒಳಗಿನಿಂದ ಹೊಸ ಪ್ಯಾಡ್ ತಂದ.

"ಇದಕ್ಕೆಷ್ಟು?"

"ದುಡ್ಡು ಬೇಡ" ಎಂದವನು ನನ್ನ ಮುಖವನ್ನೇ ನೋಡುತ್ತ ತನ್ನ ಬಲಗೆನ್ನೆಯನ್ನು ಬೆರಳಿನಿಂದ ಮುಟ್ಟಿಕೊಂಡ. ಏನೆಂದು ತಿಳಿಯದೆ ನಾನೂ ಅವನನ್ನೇ ನೋಡಿದೆ. "ಬಣ್ಣ ಹತ್ತಿದೆ" ಎಂದ. ನಾನು ಒರೆಸಿಕೊಂಡೆ. "ಆ ಕಡೆ ಅಲ್ಲ, ಈ ಕಡೆ." ಇನ್ನೊಂದು ಕಡೆ ಒರೆಸಿಕೊಂಡೆ. ಮನೆಗೆ ಬಂದು ಕನ್ನಡಿ ನೋಡಿದರೆ ಎರಡೂ ಕೆನ್ನೆ ಕೆಂಪಗಿದ್ದವು. ಅದರಲ್ಲಿ ಕೆಂಪಿಯ ಪಾಲು ಎಷ್ಟೋ, ನನ್ನದೆಷ್ಟೋ!

ಹಿಂದಿನ ಬಾಗಿಲನ್ನು ಒರೆಸಿದೆ. ಬೂದಿಯೆಲ್ಲ ಹೋಗಿ ಅಂಗೈಯಗಲದ ಕೆಂಪು ನಕ್ಕಿತು. "ಅಮ್ಮಾ!" ಎಂದು ಕೂಗಿದೆ. ಬಂದ ಅಮ್ಮ ಮಂಡಿನೋವು ಮರೆತು ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು, ಆ ಅಂಗೈಯಗಲದಲ್ಲಿ ತನ್ನ ಒಂದು ಕಣ್ಣನ್ನು ನೋಡಿಕೊಂಡಳು.

ಗುರುವಾರ ಸಂಜೆ ಅವನು ಔಷಧಿ ಅಂಗಡಿಗೇ ಬಂದ. ಇಸ್ತ್ರಿ ಶರ್ಟು. ತಲೆ ನೀಟಾಗಿ ಬಾಚಿತ್ತು.

"ಕೆಮ್ಮಿಗೆ ಒಂದು ಸಿರಪ್."

"ಎಲ್ಲಿ, ಕೆಮ್ಮಿ ನೋಡೋಣ."

ಕೆಮ್ಮಿದ. ಅಷ್ಟು ಕೆಟ್ಟ ನಟನೆಯನ್ನು ನಾನು ಶಾಲೆಯ ನಾಟಕದಲ್ಲೂ ಕಂಡಿರಲಿಲ್ಲ.

"ಅದು ನಿಮಗೆ ಬೇಡ" ಎಂದೆ.

ಕೌಂಟರಿನ ಆಚೆ ಈಚೆ ನಿಂತು ಇಬ್ಬರೂ ನಕ್ಕೆವು. ಹಿಂದೆ ಸಾಲಿನಲ್ಲಿದ್ದ ಅಜ್ಜ ನಿಜವಾಗಿ ಕೆಮ್ಮಿದಾಗಲೇ ನಿಲ್ಲಿಸಿದ್ದು. "ಕೆಂಪಿ ಹೇಗಿದ್ದಾಳೆ?" ಎಂದು ಹೋಗುವಾಗ ಕೇಳಿದ, ಮನೆಯ ಮಗುವೊಂದಕ್ಕೆ ಜ್ವರ ಬಂದ ಹಾಗೆ. ಆ ಒಂದು ಪ್ರಶ್ನೆಗೆ ನಾನು ಸೋತುಹೋದೆ.

*

ಶನಿವಾರ ಸಂಜೆಯ ಹೊತ್ತಿಗೆ ಬಾಗಿಲುಗಳು, ಹಿಂಭಾಗ, ಚಾವಣಿ ಎಲ್ಲ ಮುಗಿದು, ಬಿಸಿಲು ಹೆಚ್ಚು ತಿಂದಿದ್ದ ಬಾನೆಟ್ ಒಂದೇ ಉಳಿದಿತ್ತು. ವ್ಯಾಕ್ಸ್ ಹಾಕಲು ಪಾಲಿಶ್ ಸೋಕದ ಪ್ಯಾಡ್ ಬೇಕು. ನನ್ನಲ್ಲಿದ್ದ ಎರಡೂ ಕೆಂಪಾಗಿದ್ದವು.

"ಇನ್ನೊಂದು ಎಲ್ಲಿಟ್ಟೆ?" ಎಂದಳು ಅಮ್ಮ. ಕನ್ನಡಕ ಏರಿಸಿಕೊಂಡು ಮೆಷಿನ್ನಿನ ಖಾಲಿ ಬಾಕ್ಸನ್ನು ಓದುತ್ತಿದ್ದಳು. ಅವಳಿಗೆ ಅಕ್ಷರ ಇರುವುದೆಲ್ಲ ಓದಬೇಕು.

"ಯಾವ ಇನ್ನೊಂದು?"

"ಒಳಗೆ ಮೂರು ಪ್ಯಾಡ್ ಅಂತ ಬರೆದಿದೆಯಲ್ಲೇ, ಚಿತ್ರ ಸಮೇತ."

ಕಸಿದುಕೊಂಡು ಓದಿದೆ. ಮೂರು. ನಾನು ಬಾಕ್ಸ್ ತೆರೆದಾಗ ಇದ್ದದ್ದು ಒಂದು. ಎರಡನೆಯದನ್ನು ಅವನು ಮಹಾದಾನಿಯ ಹಾಗೆ ದುಡ್ಡು ಬೇಡ ಎಂದು ಕೊಟ್ಟಿದ್ದ. ನನ್ನದನ್ನೇ ನನಗೆ!

"ಕಳ್ಳ!"

"ಊರಿಗೆಲ್ಲ ಪೊಟ್ಟಣ ಓದಿ ಅಂತ ಹೇಳೋಳು ನೀನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಾಕ್ಸನ್ನು ತಿರುಗಿಸಿ ನೋಡಿ, "ಪ್ಯಾಡ್ ಕದ್ದು ಯಾರೂ ಶ್ರೀಮಂತರಾಗಲ್ಲ ಕಣೇ. ಹೋಗಿ ಕೇಳು, ಯಾತಕ್ಕೆ ಅಂತ" ಎಂದಳು.

ಹೋದೆ. ಬಾಕ್ಸನ್ನು ಅವನ ಮುಂದೆ ಧಡಕ್ಕನೆ ಇಟ್ಟೆ, ಮೂರು ಪ್ಯಾಡಿನ ಚಿತ್ರದ ಕಡೆ ಮೇಲೆ ಮಾಡಿ. ಇಂಗು ತಿಂದ ಮಂಗನ ಮುಖ ಎಂದರೆ ಏನೆಂದು ಅಂದು ಕಣ್ಣಾರೆ ಕಂಡೆ.

"ಎಷ್ಟು ಜನಕ್ಕೆ ಹೀಗೆ ಮಾಡಿದ್ದೀರಿ?"

"ಒಬ್ಬರಿಗೇ" ಎಂದ. ಕಿವಿ ಕೆಂಪಾಗಿತ್ತು. ಮೇಜಿನ ಖಾನೆ ಎಳೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದ ಮೂರನೆಯ ಪ್ಯಾಡನ್ನು ತೆಗೆದ. "ಮೂರೂ ಒಟ್ಟಿಗೆ ಕೊಟ್ಟುಬಿಟ್ಟಿದ್ರೆ ನೀವು ಮತ್ತೆ ಈ ಕಡೆ ಯಾಕೆ ಬರ್ತಿದ್ರಿ? ತಪ್ಪು. ಎಂಟು ವರ್ಷದಲ್ಲಿ ಯಾರಿಗೂ ಮೋಸ ಮಾಡಿದವನಲ್ಲ. ಗುರುವಾರ ಕೊಟ್ಟುಬಿಡೋಣ ಅಂತಲೇ ಬಂದಿದ್ದೆ. ಜೇಬಲ್ಲೇ ಇತ್ತು. ಕೊಟ್ರೆ ಮುಗಿದುಹೋಗುತ್ತಲ್ಲ ಅನ್ನಿಸ್ತು."

ಗಲ್ಲಾದಲ್ಲಿ ಪೇಪರು ಕೆಳಗಿಳಿಯಿತು. ಯಜಮಾನರ ಮುಖವನ್ನು ನಾನು ಪೂರ್ತಿ ನೋಡಿದ್ದು ಆಗಲೇ. "ಇವನು ಏನನ್ನಾದ್ರೂ ಬೇಕು ಅಂದಿದ್ದು ಇದೇ ಮೊದಲು ಕಣಮ್ಮ" ಎಂದರು.

ಸಿಟ್ಟನ್ನು ಹುಡುಕಿದೆ. ಬರುವಾಗ ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು. ಆದರೂ ಹುಬ್ಬು ಗಂಟು ಹಾಕಿಕೊಂಡೇ ಹೇಳಿದೆ: "ಶಿಕ್ಷೆ ಇದೆ. ನಾಳೆ ಬೆಳಗ್ಗೆ ಏಳಕ್ಕೆ ಮನೆಗೆ ಬನ್ನಿ. ಬಾನೆಟ್ ಬಾಕಿ ಇದೆ. ಆ ಪ್ಯಾಡನ್ನ ನೀವೇ ತನ್ನಿ."

ಆರೂ ಮುಕ್ಕಾಲಿಗೇ ಬಂದ.

ಬಾನೆಟ್ಟಿನ ಅಂಚಿಗೆಲ್ಲ ಟೇಪು ಅಂಟಿಸಿದ. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದಂತೆ. ನಾನು ಮೆಷಿನ್ ಹಿಡಿದೆ. ಅವನು ವೈರನ್ನೆತ್ತಿ ನನ್ನ ಭುಜದ ಮೇಲೆ ಹಾಕಿದ. ವೈರು ಕೂತಾಗಿತ್ತು, ಕೈ ಮಾತ್ರ ಒಂದು ಗಳಿಗೆ ಅಲ್ಲೇ ಉಳಿಯಿತು.

"ಹೆಚ್ಚು ಒತ್ತಬೇಡಿ" ಎಂದ.

"ನಾನು ಒತ್ತುತ್ತಿಲ್ಲ" ಎಂದೆ.

ಮೆಷಿನ್ನಿನ್ನೂ ಆನ್ ಆಗಿರಲೇ ಇಲ್ಲ.

ಒಂಬತ್ತೂವರೆಗೆ ಪಾಲಿಶ್ ಮುಗಿಯಿತು. ಮೂರನೆಯ ಪ್ಯಾಡಿನಿಂದ ತೆಳ್ಳಗೆ ವ್ಯಾಕ್ಸ್ ಬಳಿದೆವು. ಅದು ಒಣಗಿ ಮಬ್ಬಾಗುವವರೆಗೆ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತೆವು. ಹೊಳೆಯದೇ ಹೋದರೆ ಕೆಂಪಿ ಇನ್ನರ್ಧ ಗಂಟೆಯಲ್ಲಿ ಬೇರೆಯವರ ಪಾಲು. ಅವನು ಒರೆಸುವ ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದುಕೊಂಡು ಕೂತಿದ್ದ.

ಅಣ್ಣ ಹತ್ತಕ್ಕೆ ಸರಿಯಾಗಿ ಬಂದ, ಜೊತೆಗೆ ಕೊಳ್ಳುವವರು. ನಾವು ಕೊನೆಯ ಸಲ ಒರೆಸಿ ಪಕ್ಕಕ್ಕೆ ಸರಿದೆವು.

ಮೇಲಿನ ಆಕಾಶ, ತಂತಿಯ ಮೇಲಿದ್ದ ಎರಡು ಕಾಗೆ, ಎಲ್ಲ ಕೆಂಪಿಯ ಬಾನೆಟ್ಟಿನ ಮೇಲೆ ಇಳಿದಿದ್ದವು. ಕೊಳ್ಳುವವರು, "ಇದನ್ನ ಯಾಕೆ ಸ್ವಾಮಿ ಮಾರ್ತೀರಿ?" ಎಂದು ಅಣ್ಣನನ್ನೇ ಕೇಳಿದರು.

ಅಮ್ಮ ಬಾಚಣಿಗೆ ಹಿಡಿದು ಬಂದಳು. ಜುಟ್ಟು ಬಿಚ್ಚಿ, ಬಗ್ಗಿ, ಅವಸರವಿಲ್ಲದೆ ಬೈತಲೆ ತೆಗೆದು ಬಾಚಿದಳು. ನಡುವೆ ಅವಳ ಕೈ ನಿಂತಿತು.

"ನನ್ನ ಮುಖ ಚೆನ್ನಾಗಿ ಕಾಣ್ತಿದೆ ಮಗನೇ" ಎಂದಳು ಅಣ್ಣನಿಗೆ. "ಹಿಂದೆ ನಿಂತಿರೋ ಇಬ್ಬರದ್ದು ಇನ್ನೂ ಚೆನ್ನಾಗಿ ಕಾಣ್ತಿದೆ."

ಬೆಚ್ಚಿ ಬಾನೆಟ್ ನೋಡಿದೆ. ಅದರಲ್ಲಿ ಬೇಡಪ್ಪ ನನ್ನನ್ನು ನೋಡುತ್ತಿದ್ದ. ಬಹಳ ಹೊತ್ತಿನಿಂದ ನೋಡುತ್ತಿದ್ದವನ ನೋಟ ಅದು. ಸಿಕ್ಕಿಬಿದ್ದೆ ಎಂದು ಗೊತ್ತಾದ ಮೇಲೂ ಕಣ್ಣು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಅಣ್ಣ ಸೋತ ಮುಖ ಮುಚ್ಚಿಕೊಳ್ಳಲು ಮೆಷಿನ್ನಿನ ಬಾಕ್ಸ್ ಎತ್ತಿಕೊಂಡು ತಡಕಾಡಿದ. "ಒಳ್ಳೆ ಮೆಷಿನ್ನೇ. ವಾರಂಟಿ ಇದೆಯಾ?" ಎಂದು ಒಂದು ಕಾರ್ಡು ಹೊರತೆಗೆದ. "ಅಯ್ಯೋ, ಇದಕ್ಕೆ ಅಂಗಡಿ ಸೀಲೇ ಹಾಕಿಲ್ಲ! ನೋಡಿ ತಗೋಬಾರದಾ?"

ನಾನು ಬೇಡಪ್ಪನ ಕಡೆ ತಿರುಗಿದೆ. ಈ ಸಲ ನೇರವಾಗಿ.

"ಮೂರು ಪ್ಯಾಡೂ ಮುಗಿದ ಮೇಲೆ ಏನು ಗತಿ ಅಂತ..." ಎಂದು ನೆಲ ನೋಡಿದ. "ಅದಕ್ಕಾದ್ರೂ ಒಂದು ಸಲ ಬರ್ತೀರಿ ಅಂದ್ಕೊಂಡೆ. ನಾಳೆ ಅಂಗಡಿಗೆ ಬನ್ನಿ, ಹಾಕಿಕೊಡ್ತೀನಿ."

"ಬೇಡ" ಎಂದೆ.

ಅವನ ಮುಖ ಇಳಿಯಿತು. ಒಂದು ವಾರ ಅವನಿಂದ ಕೇಳಿದ ಮಾತನ್ನು ನಾನು ಹೇಳಿದಾಗ ಹೇಗಿರುತ್ತದೆ ಎಂದು ಅವನಿಗೂ ಗೊತ್ತಾಗಲಿ ಎಂದು ಮೂರು ಎಣಿಸಿದೆ. ನಾಲ್ಕು ಎಣಿಸಲು ಮನಸ್ಸು ಬರಲಿಲ್ಲ.

"ನನಗೆ ನೀವು ಇಷ್ಟ. ಇನ್ನು ಮೇಲೆ ಬರೋಕೆ ನೆಪ ಬೇಡ ಅಂತ ಹೇಳಿದ್ದು" ಎಂದೆ.

ಎಡಗೆನ್ನೆಯ ಗುಳಿ ಬಿತ್ತು. ಅಮ್ಮ ಬಾಚಣಿಗೆಯನ್ನು ಸೆರಗಿಗೆ ಒರೆಸಿಕೊಂಡು, ಕೆಂಪಿಯ ಬೀಗದಕೈಯನ್ನು ನನ್ನ ಕಡೆ ಎಸೆದಳು. "ಒಂದು ಸುತ್ತು ಹೋಗಿ ಬನ್ನಿ. ನಿಧಾನ. ವ್ಯಾಕ್ಸ್ ಹಸಿ ಇದೆ."

ವ್ಯಾಕ್ಸ್ ಆಗಲೇ ಒಣಗಿ, ಒರೆಸಿಯೂ ಆಗಿತ್ತು. ಆದರೂ ನಾವು ಬಹಳ ನಿಧಾನವಾಗಿಯೇ ಹೋದೆವು.