ಮಧ್ಯಾಹ್ನದ ಪರದೆ

"ಅಯ್ಯೋ, ಮುಟ್ಬೇಡಿ!"

ಅವನು ಹೇಳುವಷ್ಟರಲ್ಲಿ ಅವಳು ಮುಟ್ಟಿಯಾಗಿತ್ತು. ಬೆರಳ ತುದಿಯಲ್ಲಿ ಸಣ್ಣದೊಂದು ರಕ್ತದ ಹನಿ.

ಹಗಲೆಲ್ಲ ಸೂಜಿಯ ಜೊತೆ ಸಂಸಾರ ಮಾಡುವ ಟೈಲರ್ ಹುಡುಗಿಗೆ ಒಂದು ಮುಳ್ಳು ಯಾವ ಲೆಕ್ಕ? ಆದರೂ ಕಣ್ಣಲ್ಲಿ ನೀರು ಬಂತು. ಮುಳ್ಳಿನಿಂದಲ್ಲ. ಆ ಕಳ್ಳಿಗಿಡದ ಕುಂಡವನ್ನು ಈಗಷ್ಟೇ ಕಿಟಕಿಯಲ್ಲಿ ಇಟ್ಟವಳು ಎತ್ತರದ, ನಗುಮುಖದ ಒಬ್ಬ ಚೆಲುವೆ. ಅವಳು ಅವನನ್ನು 'ನೀನು' ಎನ್ನುತ್ತಿದ್ದಳು.

ನೀನು! ಇಷ್ಟು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿಯೂ ಇವಳು ಇನ್ನೂ 'ನೀವು' ದಾಟಿರಲಿಲ್ಲ.

ಅದು ಒಂದೇ ಅಂಗಡಿ, ನಡುವೆ ಸೊಂಟದೆತ್ತರದ ಗೋಡೆ. ಈ ಕಡೆ ಅವಳ ಹೊಲಿಗೆ ಮೆಷಿನ್, ಆ ಕಡೆ ಅವನ ಗಡಿಯಾರ ರಿಪೇರಿ. ರಸ್ತೆಯ ಕಡೆಗಿದ್ದ ದೊಡ್ಡ ಕಿಟಕಿ ಮಾತ್ರ ಇಬ್ಬರದೂ. ಅವಳ ಚಿಕ್ಕಮ್ಮ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಅವನಿಗೆ 'ಟಿಕ್‌ಟಿಕ್' ಎಂದು ಹೆಸರಿಟ್ಟವಳೂ ಅವಳೇ. ದಿನಾ ಬೆಳಿಗ್ಗೆ ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಂದು ಚಿಕ್ಕಮ್ಮನ ಸೂಜಿಗಳಿಗೆಲ್ಲ ದಾರ ಪೋಣಿಸಿ ಕೊಟ್ಟು ಹೋಗುತ್ತಿದ್ದ. ಹುಡುಗಿ ಮನಸ್ಸು ಸೋತಿದ್ದೇ ಅಲ್ಲಿ. ಆದರೆ ಹೇಳುವವರು ಯಾರು? ಅವನಿಗೆ ಬಾಯಿಲ್ಲ, ಇವಳಿಗೆ ಧೈರ್ಯವಿಲ್ಲ.

ಬಂದವಳು ಗಿಡದಂಗಡಿ ಇಟ್ಟವಳಂತೆ. ಹೋಗುವ ಮುಂಚೆ ಅವನಿಗೆ ಪಾಠ ಹೇಳಿದಳು.

"ನಡುಮಧ್ಯಾಹ್ನದ ಬಿಸಿಲು ಮೈಮೇಲೆ ಬಿದ್ರೇನೇ ಇದು ಹೂ ಬಿಡೋದು. ಬಿಸಿಲು ಸಿಗ್ಲಿಲ್ಲ ಅಂದ್ರೆ ಮೊಗ್ಗು ಮುಚ್ಕೊಂಡೇ ಒಣಗಿಹೋಗುತ್ತೆ. ಇನ್ನೊಂದು, ಮೊಗ್ಗು ಬಂದ್ಮೇಲೆ ಕುಂಡ ಜರುಗಿಸ್ಬೇಡ. ಉದುರಿಬಿಡುತ್ತೆ."

ಅವನು ತಲೆಯಾಡಿಸಿದ. ಮೆಲ್ಲಗೆ ಅವನ ಕಣ್ಣು ಕಿಟಕಿಯ ಪರದೆಯ ಕಡೆ ಹೋಯಿತು.

ಆ ಪರದೆ ಟೈಲರ್ ಹುಡುಗಿಯ ಕೈಯಲ್ಲಿತ್ತು. ಹೊಲಿದು ತೂಗುಹಾಕಿದ ಬಟ್ಟೆಗಳ ಬಣ್ಣ ಬಿಸಿಲಿಗೆ ಹೋಗುತ್ತದೆಂದು ಅವಳು ದಿನಾ ಮಧ್ಯಾಹ್ನ ಅದನ್ನು ಎಳೆಯುತ್ತಿದ್ದಳು, ಬಿಸಿಲು ಇಳಿದ ಮೇಲೆ ಸರಿಸುತ್ತಿದ್ದಳು. ಅಂಗಡಿ ಶುರುವಾದಾಗಿನ ಪದ್ಧತಿ. ಅವನು ಯಾವತ್ತೂ ಬೇಡ ಅಂದವನಲ್ಲ.

ಮೊಗ್ಗುಗಳು ಬಂದವು. ಒಂದು ದೊಡ್ಡದು, ಒಂದು ಚಿಕ್ಕದು. ಅವನ ಸಂಭ್ರಮ ನೋಡಬೇಕಿತ್ತು! ಗಡಿಯಾರದ ಹಲ್ಲುಗಳನ್ನು ಒರೆಸುವ ಸಣ್ಣ ಬ್ರಷ್‌ನಿಂದ ಮುಳ್ಳುಗಳ ಧೂಳು ತೆಗೆದ. ಅದರ ಮುಂದೆ ಕೂತು ಏನೋ ಗುನುಗಿದ. ಟೈಲರ್ ಹುಡುಗಿ ಮೆಷಿನ್ನಿನ ಪೆಡಲ್ ತುಳಿದ ರಭಸಕ್ಕೆ ದಾರ ತುಂಡಾಯಿತು.

'ಒಂದು ಮುಳ್ಳಿನ ಗಿಡಕ್ಕೆ ಇಷ್ಟು ಮುದ್ದು... ನನ್ನ ಕಡೆ ಒಂದು ಸಲ ಹೀಗೆ ನೋಡಿದ್ದಾರಾ?'

ಗಿಡದಂಗಡಿಯವಳು ಆಗಾಗ ಬಂದು ಹೋಗುತ್ತಿದ್ದಳು. ಒಂದು ದಿನ ಬಾಗಿಲಲ್ಲೇ ನಿಂತು, ಇನ್ನೂ ಅರಳಲಿಲ್ಲವಾ ಎಂದು ಅವನನ್ನು ರೇಗಿಸಿದಳು. ಅವನ ಕಿವಿ ಕೆಂಪಾಯಿತು.

"ಹೂ ಬಿಟ್ಟ ದಿನಾನೇ ಹೇಳಿಬಿಡ್ತೀನಿ. ನಿನಗೆ ಮಾತು ಕೊಟ್ಟಿದ್ದೀನಲ್ಲ," ಎಂದ.

ಟೈಲರ್ ಹುಡುಗಿಯ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಅಂದರೆ... ಹೂವು ಅರಳಿದ ದಿನ ಅವನು ಈ ಗಿಡದಂಗಡಿಯವಳನ್ನು ಮದುವೆಯಾಗುತ್ತೇನೆಂದು ಮನೆಯಲ್ಲಿ ಹೇಳುತ್ತಾನೆ. ಇನ್ನೇನು ಅರ್ಥ? ಎದೆಯೊಳಗೆ ಕೆಂಡ ಸುರಿದಂತಾಯಿತು.

ಅರಳಿದರೆ ತಾನೇ ಹೇಳುವುದು?

ಅಂದಿನಿಂದ ಪರದೆ ಸೂರ್ಯ ನೆತ್ತಿಗೇರುವ ಮೊದಲೇ ಬೀಳತೊಡಗಿತು. ಬಿಸಿಲು ಪೂರ್ತಿ ಇಳಿದ ಮೇಲೂ ಅವಳಿಗೆ ಸರಿಸಲು ಮರೆತುಹೋಗುತ್ತಿತ್ತು. ಒಂದು ದಿನ ಆಕಾಶ ಬೂದಿ ಬಳಿದಂತೆ ಮೋಡ ಕವಿದಿತ್ತು. ಆಗಲೂ ಎದ್ದು ಹೋಗಿ ಪರದೆ ಎಳೆದಳು. ಚಿಕ್ಕಮ್ಮ ಗುಂಡಿಯ ದಾರವನ್ನು ಹಲ್ಲಲ್ಲಿ ಕಡಿದು ನಕ್ಕಳು.

"ಕಳ್ಳಿ ಎಲ್ಲಿರೋದೇ? ಕಿಟಕೀಲೋ, ಮೆಷಿನ್ ಮುಂದೆನೋ?"

"ಸುಮ್ನಿರಿ ಚಿಕ್ಕಮ್ಮ."

"ನಾನು ಸುಮ್ನೇ ಇದ್ದೀನಮ್ಮ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತ ನಮ್ಮಮ್ಮ ಹೇಳ್ತಿದ್ಲು, ಅದು ನೆನಪಾಯ್ತು, ಅಷ್ಟೇ."

ಗೋಡೆಯಾಚೆ ಅವನು ತಲೆ ತಗ್ಗಿಸಿಕೊಂಡು ಸ್ಕ್ರೂ ತಿರುಗಿಸುತ್ತಿದ್ದ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಕೊನೆಗೊಂದು ಬೆಳಿಗ್ಗೆ ದೊಡ್ಡ ಮೊಗ್ಗು ಒಣಗಿ ಮಣ್ಣಿನ ಮೇಲೆ ಬಿದ್ದಿತ್ತು.

ಅವಳು ಗೆದ್ದಿದ್ದಳು. ಖುಷಿಯಾಗಬೇಕಿತ್ತು.

ಅವನು ಅದನ್ನು ಚಿಮಟದಿಂದ ಎತ್ತಿ, ಒಂದು ಹಳೆಯ ಗಡಿಯಾರದ ಗಾಜಿನಲ್ಲಿಟ್ಟು ಬಹಳ ಹೊತ್ತು ನೋಡಿದ. ಅವನ ಹೆಗಲು ಇಳಿದಿತ್ತು. ಅವಳಿಗೆ ತಡೆಯಲಾಗಲಿಲ್ಲ. ಪರದೆಯಿಂದಲೇ ಹೀಗಾಯಿತೇನೋ ಎಂದು ಗೊಣಗಿದಳು.

"ಇರ್ಲಿ ಬಿಡಿ," ಎಂದ ಅವನು. "ಹೂವಿಗೋಸ್ಕರ ನಿಮ್ಮ ಬಟ್ಟೆ ಹಾಳಾಗ್ಬಾರ್ದು. ಅದು ನಿಮ್ಮ ಅನ್ನ."

ಬೈದಿದ್ದರೆ ಸಹಿಸುತ್ತಿದ್ದಳು. ಈ ಒಂದು ಮಾತು ಮಾತ್ರ ದಿನವಿಡೀ ಚುಚ್ಚಿತು. ಊಟ ಸೇರಲಿಲ್ಲ. ತೋಳು ತಿರುಗುಮುರುಗಾಗಿ ಹೊಲಿದು ಬಿಚ್ಚಿದಳು, ಮತ್ತೆ ಹಾಗೇ ಹೊಲಿದಳು. 'ಅವರು ಯಾರನ್ನಾದರೂ ಇಷ್ಟಪಡಲಿ. ಅವರ ಮುಖ ಬಾಡೋ ಹಾಗೆ ಮಾಡೋದಕ್ಕೆ ನಾನು ಯಾರು? ಇದು ಪ್ರೀತಿನಾ?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅತ್ತಳು.

ಚಿಕ್ಕ ಮೊಗ್ಗು ಈಗ ಹೆಬ್ಬೆರಳ ಗಾತ್ರಕ್ಕೆ ಬಂದಿತ್ತು.

ಮರುದಿನ ಚಿಕ್ಕಮ್ಮ ಬರುವಷ್ಟರಲ್ಲಿ ಕಿಟಕಿಯ ಬಟ್ಟೆಗಳೆಲ್ಲ ಖಾಲಿ. ಕೋಟು, ಲಂಗ, ಮೆರೂನ್ ಬಣ್ಣದ ಮಖಮಲ್ಲಿನ ಗೌನು, ಎಲ್ಲವನ್ನೂ ಹಿಂದಿನ ಕತ್ತಲ ಗೋಡೆಗೆ ಸಾಗಿಸಿದ್ದಳು. ಗಿರಾಕಿಗೆ ಕಾಣುವ ಹಾಗೆ ಒಂದು ಕರವಸ್ತ್ರವೂ ಉಳಿದಿರಲಿಲ್ಲ. ಚಿಕ್ಕಮ್ಮ ಅವಳ ಮುಖ ನೋಡಿ, ಮೂಲೆಯಲ್ಲಿ ಕೂತು ಗುಂಡಿ ಡಬ್ಬಿ ತೆರೆದಳು.

ಮಧ್ಯಾಹ್ನವಾಯಿತು. ಅವಳು ಪರದೆಯ ಹಗ್ಗ ಮುಟ್ಟಲಿಲ್ಲ. ಬಿಸಿಲು ಧಾರಾಳವಾಗಿ ಒಳಗೆ ಬಂದು ಕುಂಡದ ಮೇಲೆ ಕೂತಿತು.

ಅವನು ಮಸೂರ ತೆಗೆದು ಎದ್ದು ಬಂದ. ಇಬ್ಬರೂ ಕಿಟಕಿಯ ಆಚೀಚೆ ನಿಂತರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಮೊಗ್ಗಿನ ತುದಿ ಸಡಿಲವಾಯಿತು. ಗಾಳಿಯಿಲ್ಲದೆಯೂ ಒಂದು ಎಸಳು ಅದುರಿತು. ಅರಳುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ಕಣ್ಣು ಮಿಟುಕಿಸಿ ನೋಡಿದರೆ ಇನ್ನಷ್ಟು ಅಗಲವಾಗಿರುತ್ತಿತ್ತು. ಯಾವ ಬಟ್ಟೆಯ ಥಾನಿನಲ್ಲೂ ಅವಳು ಕಂಡಿರದ ಹಳದಿ, ಅಂಚಿಗೆ ನಸುಗೆಂಪು. ಅಷ್ಟು ಚಿಕ್ಕ ಮೊಗ್ಗಿನೊಳಗೆ ಇಷ್ಟೊಂದು ರೇಷ್ಮೆಯನ್ನು ಮಡಚಿಟ್ಟಿದ್ದು ಯಾರು? ಒಂದು ಸುಕ್ಕೂ ಇಲ್ಲವಲ್ಲ! ಅವಳು ಅಸೂಯೆಯನ್ನೂ ಮರೆತು ನೋಡುತ್ತ ನಿಂತಳು. ಹೂವು ಈಗ ಗಿಡಕ್ಕಿಂತ ದೊಡ್ಡದಾಗಿತ್ತು.

ಆಮೇಲೆ ನೆನಪಾಯಿತು. ಅರಳಿತು. ಇನ್ನು ಅವನು ಹೇಳುತ್ತಾನೆ.

"ಹೋಗಿ... ಅವರಿಗೆ ಹೇಳಿ ಬನ್ನಿ," ಎಂದಳು.

"ಯಾರಿಗೆ?"

"ಗಿಡ ಕೊಟ್ಟವರಿಗೆ. ಮಾತು ಕೊಟ್ಟಿದ್ರಲ್ಲ."

ಗೋಡೆಯ ಗಡಿಯಾರಗಳೆಲ್ಲ ತಮಗೆ ತೋಚಿದ ಸಮಯ ತೋರಿಸುತ್ತ ಬಡಿದುಕೊಳ್ಳುತ್ತಿದ್ದವು.

"ನಮ್ಮನೆಯವರು ಅವಳನ್ನ ನನಗೆ ಗಂಟು ಹಾಕೋಕೆ ನೋಡಿದ್ರು," ಎಂದು ಶುರುಮಾಡಿದ. "ಮೊದಲ್ನೇ ದಿನಾನೇ ಅವಳು ಕೇಳಿಬಿಟ್ಲು, ಮನಸ್ಸಲ್ಲಿ ಬೇರೆ ಯಾರೋ ಇದ್ದಾರೆ ಅಲ್ವಾ ಅಂತ. ಹೌದು ಅಂದೆ. ಅವರಿಗೆ ಹೇಳಿದ್ದೀಯಾ ಅಂದ್ಲು. ಇಲ್ಲ ಅಂದೆ. ನಕ್ಕು ಈ ಗಿಡ ತಂದಿಟ್ಲು. ಇದು ಹೂ ಬಿಟ್ಟ ದಿನ ಹೇಳ್ದೇ ಇದ್ರೆ ನಾನೇ ಬಂದು ಹೇಳ್ತೀನಿ ಅಂತ ಹೆದರಿಸಿದ್ಲು."

ಹುಡುಗಿ ಕಿಟಕಿಯ ಚೌಕಟ್ಟು ಹಿಡಿದುಕೊಂಡಳು. "ಯಾರಿಗೆ... ಹೇಳ್ಬೇಕಿತ್ತು?"

"ದಿನಾ ಪರದೆ ಎಳೆಯೋರಿಗೆ."

ಮೂಲೆಯಲ್ಲಿ ಚಿಕ್ಕಮ್ಮನ ಗುಂಡಿ ಡಬ್ಬಿ ಕೆಳಗೆ ಬಿತ್ತು. ಗುಂಡಿಗಳು ಅಂಗಡಿಯ ತುಂಬಾ ಉರುಳಿದವು. ಯಾರೂ ಎತ್ತಲು ಬಗ್ಗಲಿಲ್ಲ.

ತನಗೆ ಬರಬೇಕಿದ್ದ ಮಾತಿಗೆ ತಾನೇ ಇಷ್ಟು ದಿನ ಪರದೆ ಎಳೆದಿದ್ದಳಲ್ಲ! ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

"ನಾನು ಬೇಕಂತಲೇ ಎಳೀತಿದ್ದೆ," ಎಂದಳು. "ಆ ಮೊಗ್ಗು ಸತ್ತಿದ್ದು ನನ್ನಿಂದ."

"ಗೊತ್ತು."

"ಗೊತ್ತಾ? ಯಾವಾಗ?"

"ಮೋಡ ಕವಿದ ದಿನಾನೂ ಎಳೆದ್ರಲ್ಲ, ಆವತ್ತು. ಬಿಸಿಲೇ ಇರ್ಲಿಲ್ಲ, ಬಣ್ಣ ಎಲ್ಲಿಂದ ಹೋಗುತ್ತೆ? ಆವತ್ತು ರಾತ್ರಿ ಖುಷಿಗೆ ನಿದ್ದೆ ಬರ್ಲಿಲ್ಲ."

"ಮತ್ತೆ ಆಗಲೇ ಹೇಳ್ಬಾರ್ದಿತ್ತಾ?"

"ಖುಷಿ ಬಂತು. ಧೈರ್ಯ ಬರ್ಲಿಲ್ಲ. ಇವತ್ತು ಕಿಟಕಿ ಖಾಲಿ ನೋಡಿದ್ಮೇಲೆ ಬಂತು."

ಅವಳು ಬೆರಳು ಚಾಚಿ, ಮುಳ್ಳು ತಪ್ಪಿಸಿ, ಹಳದಿ ಎಸಳೊಂದನ್ನು ಮುಟ್ಟಿದಳು. ಈ ಸಲ ಅವನು ಬೇಡ ಅನ್ನಲಿಲ್ಲ.

"ಸಂಜೆ ಹೊತ್ತಿಗೆ ಮುಚ್ಕೊಳುತ್ತಂತೆ," ಎಂದ.

"ಮುಚ್ಕೊಳ್ಲಿ. ನಾಳೆ ಮಧ್ಯಾಹ್ನ ನಾನಿಲ್ಲೇ ಇರ್ತೀನಲ್ಲ."

"ಪರದೆ?"

"ಅದನ್ನ ಬಿಚ್ಚಿ ಚಿಕ್ಕಮ್ಮನಿಗೆ ದಿಂಬಿನ ಚೀಲ ಹೊಲಿದುಕೊಡ್ತೀನಿ," ಎಂದವಳು ಒಂದು ಕ್ಷಣ ತಡೆದಳು. ಆಮೇಲೆ, ಇಷ್ಟು ವರ್ಷ ನಾಲಿಗೆಯ ತುದಿಯಲ್ಲೇ ನಿಂತಿದ್ದ ಒಂದು ಮಾತನ್ನು ಮೆಲ್ಲಗೆ ಹೊರಗೆ ಬಿಟ್ಟಳು.

"ನೀನೇ ದಾರ ಪೋಣಿಸಿಕೊಡು."